‘ಮಾಡಿದ್ವಿ’ ಎಂಬ ಉತ್ತರ

ನಾನು ಮಾರ್ಗದರ್ಶನ ಮಾಡುವ ಡಾಕ್ಟರೇಟು ಎಂಥದ್ದು ಎಂದು ನೆಂಟರಿಷ್ಟರಿಗೆ ವಿವರಿಸುವುದನ್ನು ಬಹಳ ಹಿಂದೆಯೇ ಬಿಟ್ಟಿದ್ದೇನೆ. ಬೇಲೂರಿನಲ್ಲಿರುವ ನನ್ನಣ್ಣ ದೇವಸ್ಥಾನದ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಅಂಗಡಿ ನಡೆಸೋರನ್ನೆಲ್ಲ ಡಾಕ್ಟರು ಅಂತ ಕರೆಯೋದಾದರೆ ನನಗೂ ಒಂದು ಕೊಡಿಸು ಎಂದು ಇವತ್ತಿಗೂ ಕಾಲೆಳೆಯುತ್ತಾನೆ. ಮೊದಮೊದಲು ಕೋಪ ಬರುತ್ತಿತ್ತು. ಈಗ ಅವನಿಗೆ ಇನ್ನೊಂದು ಲೋಟ ಕಾಫಿ ಕೊಟ್ಟು ಸುಮ್ಮನಾಗುತ್ತೇನೆ.

ಅದು ಮಾಮೂಲಿ ಪಿಎಚ್.ಡಿ. ಅಲ್ಲ. ವರ್ಷಗಟ್ಟಲೆ ವ್ಯಾಪಾರವನ್ನೋ ಕಾರ್ಖಾನೆಯನ್ನೋ ನಡೆಸಿದವರು ಬಂದು ಸೇರುತ್ತಾರೆ. ತಮ್ಮ ಕೆಲಸದಲ್ಲೇ ಎದುರಾದ ಒಂದು ತೊಡಕನ್ನು ಎತ್ತಿಕೊಂಡು, ಅದಕ್ಕೆ ತಾವು ಏನು ಮಾಡಿದೆವು, ಯಾಕೆ ಮಾಡಿದೆವು, ಮಾಡಿದ ಮೇಲೆ ಏನು ತಿಳಿಯಿತು ಎಂದು ಬರೆಯಬೇಕು. ಆಮೇಲೆ ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಕೂತು ಅದನ್ನು ಸಮರ್ಥಿಸಿಕೊಳ್ಳಬೇಕು. ಬೇರೆಯವರು ಮಾಡಿದ್ದನ್ನು ದೂರ ನಿಂತು ನೋಡಿ ಬರೆದರೆ ಇಲ್ಲಿ ನಡೆಯುವುದಿಲ್ಲ. ಮಾಡಿದವರೇ ಬರೆಯಬೇಕು, ಬರೆದವರೇ ಮಾಡಿರಬೇಕು. ನಮ್ಮ ಸಂಸ್ಥೆಯಲ್ಲಿ ಮೌಖಿಕ ಪರೀಕ್ಷೆಯೂ ವಿದ್ಯಾರ್ಥಿ ಕೆಲಸ ಮಾಡುವ ಜಾಗದಲ್ಲೇ ನಡೆಯುತ್ತದೆ. ಅದು ಬಹಿರಂಗ ಪರೀಕ್ಷೆ. ಮನೆಮಂದಿ, ನೌಕರರು, ಅಕ್ಕಪಕ್ಕದ ಅಂಗಡಿಯವರು, ಯಾರು ಬೇಕಾದರೂ ಬಂದು ಕೂರಬಹುದು. ಕೊನೆಗೆ ಅವರೂ ಪ್ರಶ್ನೆ ಕೇಳಬಹುದು ಎಂಬ ನಿಯಮವಿದೆ. ಊಟದ ಹೊತ್ತು ಮೀರಿರುವುದರಿಂದ ಯಾರೂ ಕೇಳುವುದಿಲ್ಲ. ಮಾರ್ಗದರ್ಶಕರು ಮಾತ್ರ ಬಾಯಿ ತೆರೆಯುವ ಹಾಗಿಲ್ಲ. ಹುಡುಗಿಯ ತಾಯಿ ಹೆಣ್ಣು ನೋಡುವ ದಿನ ಬಾಗಿಲ ಹಿಂದೆ ನಿಲ್ಲುವ ಹಾಗೆ, ಎಲ್ಲವನ್ನೂ ಕೇಳಿಸಿಕೊಂಡು ಸುಮ್ಮನಿರಬೇಕು.

ಅರಸೀಕೆರೆಯ ಒಂದು ಕೊಬ್ಬರಿ ಮಂಡಿಯ ಸೊಸೆ ನನ್ನ ವಿದ್ಯಾರ್ಥಿನಿಯಾಗಿ ಬಂದಾಗ ಆಕೆಗೆ ನಲವತ್ತು ದಾಟಿತ್ತು. ಬಿ.ಕಾಂ., ಎಂ.ಬಿ.ಎ. ಮಾಡಿಕೊಂಡೇ ಮದುವೆಯಾಗಿ ಬಂದವರು. ಗಂಡ ಲಾರಿ, ಸಾಗಣೆ, ಹೊರಗಿನ ಓಡಾಟ ನೋಡಿಕೊಳ್ಳುತ್ತಿದ್ದರು. ಒಳಗಿನ ವ್ಯವಹಾರ ಪೂರ್ತಿ ಆಕೆಯದು. ಮಾವನವರು ಮಂಡಿಯ ಯಜಮಾನರು. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಜಗಲಿಯ ಮೇಲಿನ ಕುರ್ಚಿಯಲ್ಲಿ ಕೂತರೆ ಮಧ್ಯಾಹ್ನದ ಊಟಕ್ಕೇ ಏಳುತ್ತಿದ್ದದ್ದು. ಈ ಓದು ನಿಮಗೆ ಯಾಕೆ ಬೇಕು ಎಂದು ನಾನು ಮೊದಲ ದಿನವೇ ಕೇಳಿದ್ದೆ. ಎಲ್ಲರನ್ನೂ ಕೇಳುತ್ತೇನೆ. ಜ್ಞಾನದಾಹ, ಸಮಾಜಕ್ಕೆ ಕೊಡುಗೆ ಎಂದೆಲ್ಲ ಹೇಳುತ್ತಾರೆ, ನಾನು ತಲೆಯಾಡಿಸುತ್ತೇನೆ.

ಆಕೆ ಹಾಗೆ ಹೇಳಲಿಲ್ಲ. ‘ನಾನು ಮಾಡಿದ್ದು ಎಲ್ಲಾದ್ರೂ ಒಂದು ಕಡೆ ಬರ್ದಿರ್ಲಿ ಮೇಡಂ. ಇಲ್ದಿದ್ರೆ ನಾನು ಹೋದ್ಮೇಲೆ, ಪಾಪ ಚೆನ್ನಾಗಿ ಅಡುಗೆ ಮಾಡ್ತಿದ್ಲು ಅಂತಾರೆ ಅಷ್ಟೆ.’

ನಾನು ಆಕೆಯನ್ನು ಒಪ್ಪಿಕೊಂಡದ್ದು ಆ ಮಾತಿಗಾಗಿ.

ಆಕೆ ಮಾಡಿದ್ದು ಕೇಳುವುದಕ್ಕೆ ಬಹಳ ಸಣ್ಣದು. ನಮ್ಮ ಕಡೆ ಬೆಳೆಗಾರರು ಕಾಯಿಯನ್ನು ಅಟ್ಟದ ಮೇಲೆ ಹಾಕಿ, ಒಳಗಿನ ನೀರೆಲ್ಲ ತಾನಾಗಿ ಇಂಗುವ ತನಕ ಕಾದು, ಸುಲಿದು, ಉಂಡೆ ಕೊಬ್ಬರಿ ಮಾಡಿ ಮಂಡಿಗೆ ತರುತ್ತಾರೆ. ಮಂಡಿಯವರು ಅದನ್ನು ವಿಂಗಡಿಸುತ್ತಾರೆ. ಒಳ್ಳೆಯದು ಒಂದು ಗುಡ್ಡೆ, ಒಡಕಲು ಒಂದು ಗುಡ್ಡೆ, ಕೌಟು ವಾಸನೆ ಬಂದದ್ದು ಇನ್ನೊಂದು. ಈ ವಿಂಗಡಣೆ ಆ ಮಂಡಿಯಲ್ಲಿ ತಲೆಮಾರಿನಿಂದ ಒಳಕೋಣೆಯಲ್ಲಿ, ಬೆಳೆಗಾರ ಟೀ ಕುಡಿಯಲು ಹೋದಾಗ ನಡೆಯುತ್ತಿತ್ತು. ಅವನು ವಾಪಸ್ಸು ಬಂದಾಗ ಇಷ್ಟು ಕೌಟು ಬಂದಿದೆ ಎಂದರೆ ಆಯಿತು. ಅವನು ನಂಬಬೇಕು. ನಂಬುತ್ತಿರಲಿಲ್ಲ, ಬೇರೆ ದಾರಿಯಿಲ್ಲದೆ ಒಪ್ಪುತ್ತಿದ್ದ. ಕ್ರಮೇಣ ಕಣಕಟ್ಟೆ ಕಡೆಯ ಬೆಳೆಗಾರರು ಬೇರೆ ಮಂಡಿಗಳತ್ತ ತಿರುಗಿದರು. ಈಕೆ ಆ ವಿಂಗಡಣೆಯನ್ನು ಒಳಕೋಣೆಯಿಂದ ಜಗಲಿಗೆ ತಂದರು. ಬೆಳೆಗಾರ ಎದುರಿಗೆ ಕೂತಿರಬೇಕು, ಪ್ರತಿ ಗುಡ್ಡೆಯನ್ನೂ ನೋಡಬೇಕು, ಅನುಮಾನ ಬಂದರೆ ಎತ್ತಿ ಮೂಸಬೇಕು. ಹೋದವರು ತಿರುಗಿ ಬಂದರು. ಅಧ್ಯಯನದ ವಸ್ತು ಇಷ್ಟೇ.

ಯಜಮಾನರು ಇದನ್ನು ಬೇಡವೆಂದಿದ್ದರು. ನಮ್ಮ ಮಾತಿನ ಮೇಲೆ ನಂಬಿಕೆ ಇಲ್ಲದವನು ನಮ್ಮ ಜಗಲಿ ಹತ್ತುವುದೇ ಬೇಡ ಎಂಬುದು ಅವರ ವಾದ. ಶ್ರಾವಣದಲ್ಲಿ ಮಠದಲ್ಲಿ ಉಳಿಯುವುದು ಅವರ ರೂಢಿ. ಒಂದು ಶ್ರಾವಣದಲ್ಲಿ ಅವರು ಅತ್ತ ಹೋದಾಗ ಇತ್ತ ಸೊಸೆ ಗುಡ್ಡೆಗಳನ್ನು ಹೊರಗೆ ತಂದರು. ಯಜಮಾನರು ಹಿಂತಿರುಗಿ ಬಂದು ಜಗಲಿಯ ತುಂಬ ಜನ ಕೂತಿದ್ದನ್ನು ಕಂಡರು. ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಆಮೇಲೆ ಬಂದು ಹೋದವರಿಗೆಲ್ಲ ‘ನಮ್ಮ ಮಂಡೀಲಿ ಎದುರಿಗೇ ವಿಂಗಡಿಸ್ತೀವಿ, ನಮ್ದು ಹಂಗೆ’ ಎಂದು ಹೇಳತೊಡಗಿದರು. ಪೇಟೆಯಲ್ಲಿ ಅದು ಅವರದೇ ಯೋಚನೆ ಎಂದಾಯಿತು. ಸೊಸೆ ತಿದ್ದಲಿಲ್ಲ. ಇದನ್ನೆಲ್ಲ ಆಕೆ ನನಗೆ ಅರಸೀಕೆರೆಯ ರೈಲ್ವೆ ನಿಲ್ದಾಣದ ಬೆಂಚಿನ ಮೇಲೆ ಕೂತು ಹೇಳಿದರು. ಮಂಡಿಯಲ್ಲಿ ಗೋಡೆಗೂ ಕಿವಿಯಿತ್ತು, ಹಳೇಬೀಡಿನ ನಮ್ಮ ಮನೆ ದೂರ. ಹಾಗಾಗಿ ನಮ್ಮ ಅಧ್ಯಾಯಗಳ ಚರ್ಚೆ ಬಹುಪಾಲು ಪ್ಲಾಟ್‌ಫಾರ್ಮಿನ ಮೇಲೆ, ರೈಲು ಬಂದಾಗ ನಿಲ್ಲಿಸಿ ಹೋದಮೇಲೆ ಮುಂದುವರಿಸಿ ನಡೆಯಿತು.

ಬರವಣಿಗೆ ಇಂಗ್ಲಿಷಿನಲ್ಲಿ. ಆಕೆಯ ಇಂಗ್ಲಿಷು ಚೆನ್ನಾಗಿತ್ತು, ನಮ್ಮ ಕೆಲವು ಮೇಷ್ಟ್ರುಗಳಿಗಿಂತ ಚೆನ್ನಾಗಿತ್ತು. ಆದರೆ ಮುಖ್ಯವಾದ ಅಧ್ಯಾಯಕ್ಕೆ ಬಂದಾಗ ವಾಕ್ಯಗಳಿಂದ ಆಕೆ ಮಾಯವಾಗಿಬಿಡುತ್ತಿದ್ದರು. ವಿಂಗಡಣೆಯನ್ನು ಹೊರಗೆ ತರಲು ನಿರ್ಧರಿಸಲಾಯಿತು. ವಿರೋಧವನ್ನು ನಿಭಾಯಿಸಲಾಯಿತು. ನಾನು ಪ್ರತಿ ಸಲ ಅಂಚಿನಲ್ಲಿ ‘ಯಾರು?’ ಎಂದು ಕೆಂಪು ಶಾಯಿಯಲ್ಲಿ ಬರೆದು ಕಳಿಸುತ್ತಿದ್ದೆ. ಆಕೆ ತಿದ್ದಿ ‘ಸಂಸ್ಥೆ’ ಎಂದು ಸೇರಿಸಿ ಕಳಿಸುತ್ತಿದ್ದರು. ಸಂಸ್ಥೆ ಎಂದರೆ ಯಾರು ಎಂದು ಮತ್ತೆ ಕೇಳಿದರೆ, ವಾಟ್ಸ್ಯಾಪಿನಲ್ಲಿ ಒಂದು ಧ್ವನಿಸಂದೇಶ ಬರುತ್ತಿತ್ತು. ಹಿಂದೆ ಕೊಬ್ಬರಿ ಸುರಿಯುವ ಸದ್ದು, ಮುಂದೆ ಆಕೆಯ ದನಿ. ಗೊತ್ತಲ್ಲ ಮೇಡಂ, ಎಲ್ಲಾ ಓದ್ತಾರೆ, ಅನ್ನುವುದು. ಯಾರೂ ಓದುವುದಿಲ್ಲ, ಡಾಕ್ಟರೇಟಿನ ಪ್ರಬಂಧವನ್ನು ಬರೆದವರ ಗಂಡನೂ ಓದುವುದಿಲ್ಲ ಎಂದು ನಾನು ಅನುಭವದಿಂದ ಹೇಳಿದೆ. ಆಕೆ ನಕ್ಕರು, ಬದಲಿಸಲಿಲ್ಲ. ಮೌಖಿಕದಲ್ಲಿ ಬಾಯಿಬಿಟ್ಟು ಹೇಳಿದರೆ ಸರಿಹೋಗುತ್ತದೆ ಎಂದು ನಾನೂ ಬಿಟ್ಟೆ.

ಪರೀಕ್ಷೆಯ ದಿನ ಮಂಡಿಯ ನಡುಕೋಣೆಯಲ್ಲಿ ಜಮಖಾನ ಹಾಸಿ, ಒಂದು ಮೇಜು ಹಾಕಿದ್ದರು. ಹಾರ, ಶಾಲು, ಹಣ್ಣಿನ ತಟ್ಟೆ ಮೊದಲೇ ಸಿದ್ಧವಾಗಿ ಒಂದು ಬದಿಗೆ ಕಾಯುತ್ತಿದ್ದವು. ಫಲಿತಾಂಶ ಬರುವ ಮೊದಲೇ ಶಾಲು ತರುವುದು ನನಗೆ ಯಾವತ್ತೂ ಸರಿಬರುವುದಿಲ್ಲ, ಆದರೆ ನನ್ನನ್ನು ಕೇಳುವವರು ಯಾರು. ಯಜಮಾನರ ಕುರ್ಚಿಯನ್ನು ಜಗಲಿಯಿಂದ ಎತ್ತಿ ತಂದು ಮೊದಲ ಸಾಲಿನಲ್ಲಿ ಇಟ್ಟಿದ್ದರು. ಸೊಸೆ ಕೂರಬೇಕಾದ ಜಾಗಕ್ಕೂ ಆ ಕುರ್ಚಿಗೂ ನಡುವೆ ಒಂದು ಟೀಪಾಯಿ ಮಾತ್ರ.

ಹೊರಗಿನ ಪರೀಕ್ಷಕರು ಬೆಳಗಾವಿ ಕಡೆಯವರು, ನಿಧಾನದ ಮನುಷ್ಯ. ಪ್ರಬಂಧವನ್ನು ನಿಜವಾಗಿ ಓದಿಕೊಂಡು ಬಂದಿದ್ದರು, ಅದು ಅಪರೂಪ. ಮನೆಯವರೆಲ್ಲ ಕೂತಿದ್ದಾರೆಂದು ಸೌಜನ್ಯಕ್ಕೆ ಕನ್ನಡದಲ್ಲೇ ಕೇಳಿದರು. ಆಕೆ ಎಲ್ಲದಕ್ಕೂ ಚುರುಕಾಗಿ ಉತ್ತರಿಸಿದರು. ಬೆಳೆಗಾರರ ಬಗ್ಗೆ, ಬೇರೆ ಮಂಡಿಗಳ ಬಗ್ಗೆ, ನಂಬಿಕೆಯ ಕುರಿತು ವಿದೇಶಿ ವಿದ್ವಾಂಸರು ಹೇಳಿದ್ದರಲ್ಲಿ ಅರಸೀಕೆರೆಗೆ ಹೊಂದದೇ ಇರುವುದು ಯಾವುದು ಎಂಬುದರ ಬಗ್ಗೆ. ನನಗೆ ಹೆಮ್ಮೆಯಾಗುತ್ತಿತ್ತು. ಆಗ ಅವರು ಮುಖ್ಯ ಪ್ರಶ್ನೆಗೆ ಬಂದರು. ವಿಂಗಡಣೆಯನ್ನು ಜಗಲಿಗೆ ತರುವ ತೀರ್ಮಾನ ಯಾರು ಮಾಡಿದರು?

ಆಕೆ ಟೀಪಾಯಿಯ ಕಡೆ ನೋಡಿದರು. ‘ನಮ್ಮನೆಯವರು ಸಾರ್. ಎಲ್ಲಾ ಸೇರಿ ಮಾಡಿದ್ವಿ.’

ಪರೀಕ್ಷಕರು ಮತ್ತೆ ಕೇಳಿದರು, ಇನ್ನೊಂದು ರೀತಿಯಲ್ಲಿ. ಮತ್ತೆ ಅದೇ ಬಂತು. ಅನ್ಕೊಂಡ್ವಿ, ಮಾಡಿದ್ವಿ, ಆಯ್ತು. ನಮ್ಮ ಕಡೆ ‘ನಮ್ಮನೆಯವರು’ ಎಂದರೆ ಗಂಡನೂ ಹೌದು, ಮನೆಮಂದಿಯೂ ಹೌದು. ಆಕೆ ಅದರ ಹಿಂದೆ ಅಡಗಿಕೊಂಡಿದ್ದರು. ಪರೀಕ್ಷಕರಿಗೆ ಗಂಡ ಎಂದೇ ಕೇಳಿಸಿತು. ಅವರು ಬರೆದುಕೊಂಡರು. ಯಜಮಾನರು ಸಮಾಧಾನವಾಗಿ ತಲೆಯಾಡಿಸಿದರು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಈ ಹೆಂಗಸು ತನ್ನ ಕೈಯಾರೆ ತನ್ನ ಹೆಸರನ್ನು ಒರೆಸಿಕೊಳ್ಳುತ್ತಿದ್ದಾಳಲ್ಲ ಎಂದು ಎದ್ದು ಹೇಳಬೇಕೆನಿಸಿತು. ನಿಯಮವನ್ನು ಬರೆದವರನ್ನು ಮನಸ್ಸಿನಲ್ಲೇ ಬೈದುಕೊಂಡೆ. ಬರೆದ ಸಮಿತಿಯಲ್ಲಿ ನಾನೂ ಇದ್ದೆ.

ಫಲಿತಾಂಶ ಆಮೇಲೆ ತಿಳಿಸುತ್ತೇವೆ ಎಂದು ಪರೀಕ್ಷಾ ಮಂಡಳಿಯ ಅಧ್ಯಕ್ಷರು ಮುಗಿಸಿದರು. ಶಾಲು ಮಡಿಕೆ ಬಿಚ್ಚದೆ ಒಳಗೆ ಹೋಯಿತು. ಆದರೂ ಉಪಚಾರ ಬಿಡುವ ಹಾಗಿಲ್ಲವಲ್ಲ. ನಮ್ಮ ಕಡೆ ಪರೀಕ್ಷೆಗೆ ಬಂದವರನ್ನು ಹಳೇಬೀಡು, ಬೇಲೂರು ತೋರಿಸದೆ ಕಳಿಸುವ ಪದ್ಧತಿಯಿಲ್ಲ. ಗಂಡ ಕಾರು ತೆಗೆದರು, ಪರೀಕ್ಷಕರು ಮುಂದೆ ಕೂತರು, ದಾರಿಯಲ್ಲಿ ನನ್ನ ಮನೆ ಸಿಗುತ್ತದೆಂದು ನಾನು ಹಿಂದೆ. ಜಾವಗಲ್ ದಾಟುವವರೆಗೂ ಮಳೆ ಬೆಳೆ ಮಾತಾಡಿದೆವು. ಮಾತಾಡಬೇಕಾದ ವಿಷಯದ ಮನುಷ್ಯ ಸ್ಟೀರಿಂಗ್ ಹಿಡಿದಿದ್ದರಿಂದ ಬೇರೆ ದಾರಿಯಿರಲಿಲ್ಲ.

ಬಸ್ತಿಹಳ್ಳಿಯ ಬಸದಿಯ ಹತ್ತಿರ ಗಂಡ ಎಳನೀರು ತರಲು ಹೋದರು. ಪರೀಕ್ಷಕರು ಕನ್ನಡಿಯಂತೆ ನುಣುಪಾದ ಕಂಬದಲ್ಲಿ ತಮ್ಮ ಮುಖ ನೋಡಿಕೊಳ್ಳುತ್ತಿದ್ದರು. ಹೇಳಬಾರದು ಎಂದು ಗೊತ್ತಿದ್ದೂ ನಾನು ಬಾಯಿಬಿಟ್ಟೆ. ನಮ್ಮನೆಯವರು ಎಂದರೆ ಆ ಮನೆಯಲ್ಲಿ ಗಂಡ ಎಂದಲ್ಲ, ಮನೆಮಂದಿಯೆಲ್ಲ ಎಂದು ಅರ್ಥ ಎಂದೆ.

‘ಇರಬಹುದ್ರೀ ಮೇಡಂ,’ ಎಂದರು ಅವರು. ‘ಆದ್ರ ಮನಿ ಮಂದಿಗೆಲ್ಲ ಕೂಡಿ ಒಂದು ಡಾಕ್ಟರೇಟ್ ಕೊಡಾಕ ಬರೂದಿಲ್ಲಲ್ರೀ. ನಾ ಕೇಳಿದ್ದನ್ನ ಬರೀಬೇಕು, ತಿಳಕೊಂಡಿದ್ದನ್ನ ಅಲ್ಲ.’

ಅವರು ಹೇಳಿದ್ದು ಸರಿ. ನಾನು ಪರೀಕ್ಷಕಳಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಬೇಲೂರಿನವರೆಗೂ ಹೋದೆ, ಮನೆಯಲ್ಲಿ ಇಳಿಯಲಿಲ್ಲ. ಅಲ್ಲಿ ಗೈಡು ಶಿಲ್ಪಗಳ ಪೀಠದಲ್ಲಿ ಕೆತ್ತಿದವನು ಬರೆದುಕೊಂಡ ಹೆಸರು, ಊರು, ಬಿರುದುಗಳನ್ನು ಓದಿ ತೋರಿಸಿದ. ನಾನು ಅದೇ ಬೀದಿಯಲ್ಲಿ ಬೆಳೆದವಳು, ಆ ಅಕ್ಷರಗಳನ್ನು ಬೆರಳಿನಲ್ಲಿ ತಿದ್ದಿಕೊಂಡು ಆಡಿದವಳು. ಇವರಿಗೇನೂ ಸಂಕೋಚ ಇರಲಿಲ್ಲ ನೋಡಿ ಎಂದು ಪರೀಕ್ಷಕರು ನನ್ನ ಕಡೆ ತಿರುಗಿ ನಕ್ಕರು. ಅಲ್ಲಿಯವರೆಗೆ ಸುಮ್ಮನಿದ್ದ ಗಂಡ, ‘ಅವರ ಮಾವ ಪಕ್ಕದಲ್ಲಿ ಕೂತಿರ್ಲಿಲ್ಲ ಬಿಡಿ ಸಾರ್’ ಎಂದರು. ಎಲ್ಲ ಗೊತ್ತಿರುವ ಮನುಷ್ಯ. ಅಪ್ಪನ ಎದುರು ಅವರೂ ಬಾಯಿಬಿಡುವವರಲ್ಲ.

ವರದಿ ಬಂತು. ಅಧ್ಯಯನದ ಗುಣಮಟ್ಟ ಚೆನ್ನಾಗಿದೆ, ಆದರೆ ಮುಖ್ಯ ತೀರ್ಮಾನ ಅಭ್ಯರ್ಥಿಯದೇ ಎಂಬುದು ಮೌಖಿಕ ಪರೀಕ್ಷೆಯಲ್ಲಿ ಸಿದ್ಧವಾಗಲಿಲ್ಲ ಎಂದಿತ್ತು. ಮರುಪರೀಕ್ಷೆಗೆ ಶಿಫಾರಸು ಮಾಡಿದ್ದರು. ಮರುಪರೀಕ್ಷೆ ಒಂದೇ ಸಲ. ಅದರಲ್ಲೂ ಆಗದಿದ್ದರೆ ಅಷ್ಟು ವರ್ಷದ ಓದು ಅಲ್ಲಿಗೆ ನಿಂತಂತೆ. ಸೊಸೆ ಫೇಲಾದಳು ಎಂಬ ಸುದ್ದಿ ಪೇಟೆಯಲ್ಲಿ ನಮಗಿಂತ ಮೊದಲೇ ಓಡಾಡುತ್ತಿತ್ತು. ಯಜಮಾನರು ಮಾತ್ರ ಪರೀಕ್ಷಕರಿಗೇ ಏನೋ ತಲೆ ಸರಿಯಿಲ್ಲ ಎಂದರಂತೆ. ಅವರಿಗೆ ಸೊಸೆಯ ಮೇಲೆ ಅಭಿಮಾನವಿತ್ತು. ಅದೇ ತೊಡಕು. ಕೆಟ್ಟ ಮಾವನ ಎದುರು ‘ನಾನು’ ಎನ್ನುವುದು ಇದಕ್ಕಿಂತ ಸುಲಭವಿತ್ತು.

ಆ ವಾರವೇ ಇರಬೇಕು, ನಮ್ಮ ಮನೆಗೆ ಸೋಲಾರ್ ಹೀಟರ್ ಮಾರುವವನೊಬ್ಬ ಬಂದಿದ್ದ. ‘ನಮ್ಮನೆಯವರನ್ನ ಕೇಳಿ ಹೇಳ್ತೀನಿ’ ಎಂದು ಕಳಿಸಿದೆ. ನಮ್ಮನೆಯವರು ಒಳಗೆ ಪದಬಂಧ ಬಿಡಿಸುತ್ತಿದ್ದರು. ನಮ್ಮ ಮನೆಯಲ್ಲಿ ಬಲ್ಬು ಬದಲಾಯಿಸುವ ತೀರ್ಮಾನವೂ ನನ್ನದೇ. ಬಾಗಿಲು ಹಾಕಿಕೊಂಡು ಬಂದು ಸ್ವಲ್ಪ ಹೊತ್ತು ನಗು ಬಂತು.

ಒಂದು ಸೋಮವಾರ ಆಕೆ ಹಳೇಬೀಡಿನ ದೇವಸ್ಥಾನಕ್ಕೆ ಬಂದವರು ಹಾಗೇ ನಮ್ಮ ಮನೆಗೂ ಬಂದರು. ಕಣ್ಣು ಊದಿಕೊಂಡಿತ್ತು. ನಾನು ಸಮಾಧಾನ ಹೇಳುವುದರಲ್ಲಿ ಅಷ್ಟು ಚುರುಕಲ್ಲ. ಬನ್ನಿ, ಅಭ್ಯಾಸ ಮಾಡೋಣ ಎಂದೆ. ನಾನು ಪರೀಕ್ಷಕರ ಪ್ರಶ್ನೆ ಕೇಳಿದೆ. ಆಕೆ ನಾನು ಯೋಚಿಸಿದೆ, ನಾನು ತೀರ್ಮಾನ ಮಾಡಿದೆ ಎಂದು ಸರಾಗವಾಗಿ ಹೇಳಿದರು. ಆಮೇಲೆ ನಮ್ಮನೆಯವರ ಆರಾಮ ಕುರ್ಚಿಯನ್ನು ಎಳೆದು ತಂದು ಆಕೆಯ ಪಕ್ಕ ಹಾಕಿದೆ. ಇದರಲ್ಲಿ ನಿಮ್ಮ ಮಾವ ಕೂತಿದ್ದಾರೆ ಅಂದ್ಕೊಳ್ಳಿ ಎಂದು ಅದೇ ಪ್ರಶ್ನೆ ಕೇಳಿದೆ. ಖಾಲಿ ಕುರ್ಚಿ. ಆದರೂ ಉತ್ತರ ‘ಮಾಡಿದ್ವಿ’ ಎಂದೇ ಬಂತು. ಮತ್ತೆ ಕೇಳಿದೆ, ಮತ್ತೆ ‘ಮಾಡಿದ್ವಿ’. ಕನ್ನಡದ ಕ್ರಿಯಾಪದದಲ್ಲಿ ಮಾಡಿದವರು ಯಾರೆಂಬುದು ಬಾಲದಲ್ಲಿ ಇರುತ್ತದೆ. ಆ ಬಾಲವೇ ಆಕೆಯ ಬಾಯಲ್ಲಿ ತಿರುಚಿಕೊಳ್ಳುತ್ತಿತ್ತು.

‘ನಾನು ಅಂದ್ರೆ ಅವರಿಂದ ಕಿತ್ಕೊಂಡ ಹಾಗಾಗತ್ತೆ ಮೇಡಂ,’ ಎಂದರು ಕೊನೆಗೆ. ‘ಊರೋರೆಲ್ಲ ಅವರನ್ನ ಹೊಗಳ್ತಾರೆ ಅದಕ್ಕೆ.’

ಆಮೇಲೆ, ಇಂಗ್ಲಿಷಿನಲ್ಲಿ ಉತ್ತರಿಸಬಹುದೇ ಎಂದು ಕೇಳಿದರು. ನಿಯಮದ ಪ್ರಕಾರ ಧಾರಾಳವಾಗಿ ಮಾಡಬಹುದು. ಅಲ್ಲೇ ಇಂಗ್ಲಿಷಿನಲ್ಲಿ ಹೇಳಿ ತೋರಿಸಿದರು. ಕುರ್ಚಿ ಪಕ್ಕದಲ್ಲೇ ಇತ್ತು, ಆದರೂ ಒಂದು ತೊದಲಿಲ್ಲ. ಇಂಗ್ಲಿಷಿನ ‘ನಾನು’ ಯಾರಿಗೂ ತಗಲುವುದಿಲ್ಲ, ಅದಕ್ಕೆ ಮಾವನೂ ಇಲ್ಲ ಅತ್ತೆಯೂ ಇಲ್ಲ. ಯಜಮಾನರಿಗೆ ಇಂಗ್ಲಿಷು ಬಾರದು. ಬರೆದದ್ದನ್ನಾದರೆ ಯಾರಾದರೂ ಓದಿ ಹೇಳಿಯಾರು, ಬಾಯಲ್ಲಿ ಆಡಿದ್ದು ಅಲ್ಲಿಗೇ ಮುಗಿಯುತ್ತದೆ. ಪರೀಕ್ಷಕರಿಗೆ ಬೇಕಾದದ್ದು ಸಿಗುತ್ತದೆ, ಮನೆಯಲ್ಲಿ ಎಲೆಯೂ ಅಲುಗುವುದಿಲ್ಲ. ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ ಎಂದು ನನಗೂ ಅನ್ನಿಸಿತು. ಒಂದು ಕಡೆ ಸ್ವಲ್ಪ ಚುಚ್ಚಿದ್ದೂ ನಿಜ. ಬರೆದಿರಲಿ ಎಂದು ಬಂದ ಹೆಂಗಸು, ಬರೆದದ್ದು ಯಾರಿಗೂ ಗೊತ್ತಾಗದ ಹಾಗೆ ಬರೆಸಿಕೊಳ್ಳಲು ಹೊರಟಿದ್ದರು. ಅದು ನನ್ನ ಪಠ್ಯಕ್ರಮದಲ್ಲಿ ಇಲ್ಲದ ವಿಷಯವೆಂದು ಬಿಟ್ಟೆ.

ಮರುಪರೀಕ್ಷೆಗೆ ಅದೇ ಪರೀಕ್ಷಕರು, ಅದೇ ನಡುಕೋಣೆ, ಅದೇ ಕುರ್ಚಿ. ಶಾಲು ಈ ಸಲ ಕಾಣಿಸಲಿಲ್ಲ. ಹೊರಗೆ ಜಗಲಿಯಲ್ಲಿ ವ್ಯಾಪಾರ ನಡೆದೇ ಇತ್ತು. ಕಣಕಟ್ಟೆಯ ಬೆಳೆಗಾರರು ಚೀಲ ಇಳಿಸಿಕೊಂಡು ಕೂತಿದ್ದರು, ಗಂಡ ಅವರನ್ನು ನೋಡಿಕೊಳ್ಳುತ್ತ ಅತ್ತಿಂದಿತ್ತ ಓಡಾಡುತ್ತಿದ್ದರು. ಆಕೆ ಇಂಗ್ಲಿಷಿನಲ್ಲಿ ಉತ್ತರಿಸಲು ಅನುಮತಿ ಕೇಳಿದರು. ಪರೀಕ್ಷಕರು ನನ್ನ ಕಡೆ ಒಮ್ಮೆ ನೋಡಿ, ಆಗಲಿ ಎಂದರು.

ತೀರ್ಮಾನ ಹೇಗೆ ಹುಟ್ಟಿತು, ಯಾರು ವಿರೋಧಿಸಿದರು, ವಿರೋಧವಿದ್ದೂ ಯಾಕೆ ಮುಂದುವರಿದೆ, ತಪ್ಪಾಗಿದ್ದರೆ ಹೊಣೆ ಯಾರದಿತ್ತು. ಎಲ್ಲವನ್ನೂ ಆಕೆ ನೀಟಾಗಿ, ಎದುರಿಗಿದ್ದವರ ಕಣ್ಣು ನೋಡುತ್ತ ಹೇಳಿದರು. ನಾನು ಮಾರ್ಗದರ್ಶನ ಮಾಡಿದವರಲ್ಲಿ ಅಷ್ಟು ಚೊಕ್ಕವಾಗಿ ತಮ್ಮ ಕೆಲಸವನ್ನು ಹೇಳಿಕೊಂಡವರು ಕಡಿಮೆ. ಪರೀಕ್ಷಕರು ಪುಟ ತಿರುವಿ ಪುಟ ತಿರುವಿ ಬರೆದುಕೊಂಡರು. ಯಜಮಾನರು ಕೋಲಿನ ಮೇಲೆ ಎರಡೂ ಕೈಯಿಟ್ಟು ಸೊಸೆಯ ಬಾಯಿಯನ್ನೇ ನೋಡುತ್ತಿದ್ದರು. ಅರ್ಥವಾಗದ ಮಂತ್ರವನ್ನು ಜನ ಕೇಳುತ್ತಾರಲ್ಲ, ಹಾಗೆ. ಗೆದ್ದೆವು ಎಂದುಕೊಂಡೆ.

ಅಧ್ಯಕ್ಷರು ವಾಡಿಕೆಯಂತೆ, ಸಭೆಯಲ್ಲಿ ಯಾರಾದರೂ ಪ್ರಶ್ನೆ ಕೇಳುವುದಿದ್ದರೆ ಕೇಳಬಹುದು ಎಂದರು. ಎನ್ನುತ್ತಲೇ ತಮ್ಮ ಕಾಗದಗಳನ್ನು ಜೋಡಿಸಿಕೊಳ್ಳತೊಡಗಿದರು. ಯಜಮಾನರು ಕೈಯೆತ್ತಿದರು.

‘ನಂದೊಂದೈತೆ ಸ್ವಾಮಿ,’ ಎಂದರು. ಆಮೇಲೆ ಸೊಸೆಯ ಕಡೆ ತಿರುಗಿದರು. ‘ಇಂಗ್ಲಿಷು ನಂಗೆ ಬರಕಿಲ್ಲ ಕಣಮ್ಮ. ಮಧ್ಯ ಮಧ್ಯ ಐ, ಐ ಅಂತಿದ್ದೆ. ಅದೊಂದು ಮಾತು ನಂಗೂ ಗೊತ್ತೈತೆ. ಗುಡ್ಡೆ ಜಗಲಿಗೆ ತಂದೋರು ಯಾರು ಅಂತ ಹೇಳ್ದೆ ಇವ್ರಿಗೆ? ಕನ್ನಡದಲ್ಲಿ ಹೇಳು.’

ಗಂಡ ಬಾಗಿಲಲ್ಲಿ ನಿಂತಿದ್ದರು. ಪರೀಕ್ಷಕರು ಪೆನ್ನಿನ ಮುಚ್ಚಳ ಹಾಕಿಬಿಟ್ಟಿದ್ದರು, ಅವರ ಕೆಲಸ ಮುಗಿದಿತ್ತು. ಆಕೆ ಏನು ಹೇಳಿದರೂ ಡಾಕ್ಟರೇಟಿಗೆ ಇನ್ನು ಧಕ್ಕೆಯಿರಲಿಲ್ಲ. ಎಲ್ಲಾ ಸೇರಿ ಮಾಡಿದ್ವಿ ಅಂತ ಹೇಳಿದೆ ಮಾವ ಎಂದಿದ್ದರೆ ಎಲ್ಲರೂ ಎದ್ದು ಊಟಕ್ಕೆ ಹೋಗುತ್ತಿದ್ದೆವು. ಹಾಗೇ ಅನ್ನಲಿ ಎಂದು ನನಗೂ ಒಂದು ಕ್ಷಣ ಅನ್ನಿಸಿತು. ಆ ಮನೆಯಲ್ಲಿ ಇನ್ನೂ ಎಷ್ಟೋ ವರ್ಷ ಬಾಳಬೇಕಾದವರು ಆಕೆ, ನಾನಲ್ಲ.

‘ನಾನು ಮಾವ,’ ಎಂದರು ಆಕೆ. ದನಿ ಸಣ್ಣದಾಗಿತ್ತು. ‘ನೀವು ಮಠಕ್ಕೆ ಹೋಗಿದ್ರಿ. ಬೇಡ ಅಂತ ಹೇಳೇ ಹೋಗಿದ್ರಿ. ನೀವು ಬೇಡ ಅಂದಿದ್ದನ್ನ ನಾನು ಮಾಡ್ದೆ.’

ಯಜಮಾನರು ಆಕೆಯನ್ನು ನೋಡುತ್ತ ಇದ್ದರು. ಆಮೇಲೆ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು, ಕೋಲೂರಿ ಎದ್ದು, ಜಗಲಿಗೆ ಹೋದರು. ಕುರ್ಚಿ ಒಳಗೇ ಉಳಿದಿತ್ತು. ಹೊರಗೆ ಬೆಳೆಗಾರರ ಪಕ್ಕ ಚಾಪೆಯ ಮೇಲೆ ಕೂತರು.

ಪರೀಕ್ಷಕರು ಮತ್ತು ಅಧ್ಯಕ್ಷರು ಪಿಸುಮಾತಾಡಿ ಡಾಕ್ಟರೇಟಿಗೆ ಶಿಫಾರಸು ಮಾಡಿದ್ದೇವೆ ಎಂದು ಘೋಷಿಸಿದರು. ಕೆಲವರು ಚಪ್ಪಾಳೆ ತಟ್ಟಿ, ತಟ್ಟಬಹುದೋ ಇಲ್ಲವೋ ಎಂದು ಗೊತ್ತಾಗದೆ ನಿಲ್ಲಿಸಿದರು. ಗಂಡ ಬಂದು ಹೆಂಡತಿಯ ಪಕ್ಕ ನಿಂತರು. ನನಗೆ ಸಂತೋಷವಾಗಿತ್ತು. ಭಯವೂ ಆಗಿತ್ತು. ಎಲೆ ಹಾಕಿದರು. ಆಕೆಯೇ ಸೆರಗು ಸಿಕ್ಕಿಸಿಕೊಂಡು ಬಡಿಸಲು ನಿಂತರು, ಇವತ್ತಾದರೂ ಕೂರಿ ಎಂದರೆ ಕೇಳಲಿಲ್ಲ. ಯಜಮಾನರನ್ನು ಊಟಕ್ಕೆ ಕರೆಯಲು ಹೋದವರು, ಆಮೇಲೆ ಮಾಡ್ತಾರಂತೆ ಎಂದು ಒಬ್ಬೊಬ್ಬರಾಗಿ ವಾಪಸ್ಸು ಬಂದರು. ನನ್ನ ಎಲೆ ಬಾಗಿಲಿಗೆ ಎದುರಾಗಿತ್ತು, ಜಗಲಿ ಪೂರ್ತಿ ಕಾಣುತ್ತಿತ್ತು.

ಬೆಳೆಗಾರನೊಬ್ಬ ಒಂದು ಉಂಡೆ ಕೊಬ್ಬರಿ ಎತ್ತಿ ಯಜಮಾನರ ಮುಂದೆ ಹಿಡಿದ. ಇದು ಕೌಟೋ ಅಲ್ಲವೋ ನೀವೇ ನೋಡಿ ಎಂದು ಕೇಳಿದ.

‘ನನ್ನೇನ್ಲಾ ಕೇಳೀಯೆ?’ ಎಂದರು ಯಜಮಾನರು. ಒಳಗಿದ್ದವರಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿತ್ತು. ‘ತೀರ್ಮಾನ ಮಾಡೋರು ಒಳಗವ್ರೆ. ಅವರ್ನ ಕೇಳು.’

‘ಅವರು’ ಎಂದರು. ಮದುವೆಯಾಗಿ ಬಂದ ದಿನದಿಂದ ಆ ಮನುಷ್ಯ ಸೊಸೆಯನ್ನು ಬಹುವಚನದಲ್ಲಿ ಕರೆದದ್ದಿಲ್ಲ, ಕರೆಯುವ ರೂಢಿಯೂ ನಮ್ಮಲ್ಲಿಲ್ಲ. ಹಿರಿಯರು ಕಿರಿಯರಿಗೆ ಹಾಗೆ ಅನ್ನುವುದು ಎರಡೇ ಸಂದರ್ಭದಲ್ಲಿ, ಕುಟುಕುವಾಗ ಅಥವಾ ಒಪ್ಪಿಕೊಳ್ಳುವಾಗ. ಅದು ಯಾವುದು ಎಂದು ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಆಕೆಗೆ ಗೊತ್ತಾಯಿತೋ ಏನೋ, ಮುಖದಲ್ಲಿ ಏನೂ ಕಾಣಿಸಲಿಲ್ಲ. ಸಾರಿನ ಸೌಟನ್ನು ಪಾತ್ರೆಯಲ್ಲಿಟ್ಟು, ಕೈ ಒರೆಸಿಕೊಂಡು ಜಗಲಿಗೆ ಹೋದರು. ಬೆಳೆಗಾರನ ಕೈಯಿಂದ ಕೊಬ್ಬರಿ ತೆಗೆದುಕೊಂಡು ಮೂಸಿದರು, ತಿರುಗಿಸಿ ನೋಡಿದರು, ಇದು ಒಳ್ಳೇದು ಎಂದು ಮೊದಲನೇ ಗುಡ್ಡೆಗೆ ಹಾಕಿ ಒಳಗೆ ಬಂದು ಮತ್ತೆ ಸೌಟು ಹಿಡಿದರು.

ಆಕೆ ಈಚೆ ತಿರುಗಿದ ಮೇಲೆ ಯಜಮಾನರು ಗುಡ್ಡೆಗೆ ಕೈ ಹಾಕಿ ಅದೇ ಕೊಬ್ಬರಿಯನ್ನು ಹುಡುಕಿ ತೆಗೆದರು. ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಮೂಸಿದರು. ಆಮೇಲೆ ಅದನ್ನು ಅದೇ ಗುಡ್ಡೆಯ ಮೇಲೆ ಇಟ್ಟರು.